ತಲೆಬುರುಡೆ ಎಲ್ಲ ಕಡೆಯೂ ಒಂದೇ ಗಟ್ಟಿಯಲ್ಲವೇ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಕೆಲವು ತಿಂಗಳ ಹಿಂದೆ ತೋಟದಲ್ಲಿ ತೆಂಗಿನ ಒಣಗರಿಯೊಂದು ಕಳಚಿ ಬಿದ್ದು, ಅದರ ದಪ್ಪ ಬುಡ ನನ್ನ ಮೈದುನನ ತಲೆಗೆ ತಾಗಿತು. ಎಡಗಿವಿಗಿಂತ ಸ್ವಲ್ಪ ಮುಂದೆ, ಸ್ವಲ್ಪ ಮೇಲೆ. ಒಂದು ಕ್ಷಣ ಕಣ್ಣು ಕತ್ತಲಿಟ್ಟಿತಂತೆ. ಆಮೇಲೆ ತಾನೇ ಎದ್ದು ಮನೆಗೆ ಬಂದ, ಮುದ್ದೆ ಉಂಡ, ಎಲ್ಲರೊಡನೆ ಮಾತನಾಡಿದ. ಗಾಯವೆಂದರೆ ಚರ್ಮ ತರಚಿದಷ್ಟೇ. ಸಂಜೆಯ ಹೊತ್ತಿಗೆ ತಲೆನೋವು ಎಂದು ಮಲಗಿದವನು ವಾಂತಿ ಮಾಡಿದ, ಎಬ್ಬಿಸಿದರೆ ತೊದಲಿದ. ತುಮಕೂರಿಗೆ ಕರೆದುಕೊಂಡು ಹೋದೆವು. ಸ್ಕ್ಯಾನ್ ಮಾಡಿ ಅದೇ ರಾತ್ರಿ ಆಪರೇಷನ್ ಮಾಡಿದರು, ಈಗ ಚೆನ್ನಾಗಿದ್ದಾನೆ. "ಅಲ್ಲಿ ಮೂಳೆ ತೆಳು" ಎಂದರು ಡಾಕ್ಟರ್. ತಲೆಬುರುಡೆ ತೆಂಗಿನ ಚಿಪ್ಪಿನ ಹಾಗೆ ಒಂದೇ ಗಟ್ಟಿ ತುಂಡು ಎಂದುಕೊಂಡಿದ್ದೆ. ಹಾಗಲ್ಲವೇ? ತಲೆಯಲ್ಲಿ ಎಷ್ಟು ಮೂಳೆಗಳಿವೆ, ಯಾವ ಜಾಗಕ್ಕೆ ಹುಷಾರಾಗಿರಬೇಕು? ಮನೆಯಲ್ಲಿ ಮೂರು ತಿಂಗಳ ಮಗುವೂ ಇದೆ. ಅದರ ನೆತ್ತಿ ಮಿಡಿಯುವುದನ್ನು ನೋಡಿದರೆ ಭಯವಾಗುತ್ತದೆ. ಅತ್ತೆಯವರು ದಿನವೂ ಹರಳೆಣ್ಣೆ ಹಾಕಿ ಒತ್ತುತ್ತಾರೆ. ಇನ್ನೊಂದು ವಿಷಯ, ಮೈದುನನ ತಲೆಯಲ್ಲಿ ಆಪರೇಷನ್ ಆದ ಕಡೆ ಬೆರಳ ತುದಿಯಷ್ಟು ತಗ್ಗುಗಳಿವೆ. ಅವು ತುಂಬಿಕೊಳ್ಳುತ್ತವೆಯೇ?

ಉತ್ತರ: ಎಣಿಕೆ ಬೇಗ ಮುಗಿಯುವ ವಿಷಯ, ಅದನ್ನು ಮೊದಲು ಹೇಳಿಬಿಡುತ್ತೇನೆ. ದೊಡ್ಡವರ ತಲೆಬುರುಡೆಯಲ್ಲಿ 22 ಮೂಳೆಗಳು. ಮಿದುಳನ್ನು ಸುತ್ತುವರಿದವು 8, ಮುಖದವು 14. ಎರಡೂ ಕಿವಿಗಳ ಒಳಗಿರುವ ಆರು ಪುಟ್ಟ ಮೂಳೆಗಳನ್ನೂ ಗಂಟಲಿನ ಮೇಲ್ಭಾಗದ ಹೈಆಯ್ಡ್ ಮೂಳೆಯನ್ನೂ ಸೇರಿಸಿ 29 ಎನ್ನುವವರೂ ಇದ್ದಾರೆ. ಮೊದಲ ವರ್ಷದ ವಿದ್ಯಾರ್ಥಿಗಳು ಈ ಲೆಕ್ಕಕ್ಕಾಗಿ ಜಗಳವಾಡುವುದನ್ನು ಅಂಗರಚನಾಶಾಸ್ತ್ರ ಕಲಿಸುವ ನಾವೆಲ್ಲ ನೋಡಿದ್ದೇವೆ. ನಿಮಗೆ ಆ ಜಗಳ ಬೇಡ. ಯಾವ ಮೂಳೆಯ ಅಡಿಯಲ್ಲಿ ಏನು ಹಾದುಹೋಗುತ್ತದೆ ಎಂಬುದು ತಿಳಿದರೆ ಸಾಕು. ಅದಕ್ಕೆ ಪುಸ್ತಕವೂ ಬೇಕಿಲ್ಲ, ನಿಮ್ಮ ಬೆರಳುಗಳೇ ಸಾಕು.

ಮೈದುನನಿಗೆ ಪೆಟ್ಟು ಬಿದ್ದ ಜಾಗದಿಂದಲೇ ಶುರು ಮಾಡೋಣ. ಕೆನ್ನೆಯ ಮೂಳೆಯ ಮೇಲೆ ಬೆರಳಿಟ್ಟು ಹಿಂದಕ್ಕೆ, ಕಿವಿಯ ಕಡೆಗೆ ಸರಿಸಿ. ಒಂದು ಗಟ್ಟಿ ಕಮಾನು ಕಿವಿಯ ಮುಂಭಾಗದವರೆಗೂ ಸಿಗುತ್ತದೆ. ಅದರ ಮಧ್ಯಭಾಗದಿಂದ ಎರಡು ಬೆರಳ ಅಗಲ ಮೇಲಕ್ಕೆ ಹೋಗಿ. ಕಣ್ಣಿನ ಹೊರ ಅಂಚಿನ ಗಟ್ಟಿ ಮೂಳೆಯಿಂದ ಅಳೆದರೆ ಹೆಬ್ಬೆರಳಿನ ಅಗಲದಷ್ಟು ಹಿಂದೆ ಬರುತ್ತದೆ. ಆ ಜಾಗಕ್ಕೆ ನಾವು ಟೆರಿಯಾನ್ ಎನ್ನುತ್ತೇವೆ. ಈಗ ಹಲ್ಲು ಕಚ್ಚಿ. ಬೆರಳ ಕೆಳಗೆ ಸ್ನಾಯು ಉಬ್ಬುತ್ತದೆ. ಅದು ಕೆಳದವಡೆಯನ್ನು ಎತ್ತುವ ಸ್ನಾಯು. ಅದರ ಅಡಿಯಲ್ಲಿ ನಾಲ್ಕು ಮೂಳೆಗಳು ಬಂದು ಸೇರುತ್ತವೆ: ಮುಂದಿನಿಂದ ಹಣೆಯ ಮೂಳೆ, ಮೇಲಿನಿಂದ ತಲೆಯ ಪಕ್ಕದ ಪರೈಟಲ್ ಮೂಳೆ, ಹಿಂದಿನಿಂದ ಕಿವಿಯ ಸುತ್ತಲಿನ ಟೆಂಪೊರಲ್ ಮೂಳೆ, ಕೆಳಗಿನಿಂದ ಸ್ಫೀನಾಯ್ಡ್ ಮೂಳೆಯ ರೆಕ್ಕೆ. ಅವು ಸೇರುವ ಗೆರೆಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿರುತ್ತವೆ. ಸ್ಫೀನಾಯ್ಡ್ ವಿಚಿತ್ರವಾದ ಮೂಳೆ. ಈ ಪಕ್ಕದಲ್ಲಿ ಇಣುಕುವ ಅದೇ ಮೂಳೆ, ತಲೆಯ ತಳದಲ್ಲಿ ಅಡ್ಡಲಾಗಿ ಹಾದು ಆ ಪಕ್ಕದಲ್ಲೂ ಇಣುಕುತ್ತದೆ.

ಒಣ ತಲೆಬುರುಡೆಯ ಮೇಲ್ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಡಾಕ್ಟರ್ ಹೇಳಿದ ಮಾತು ಕಣ್ಣಿಗೇ ಕಾಣುತ್ತದೆ. ಹಿಂದಲೆಯ ನಡುವಿನ ದಪ್ಪ ಭಾಗದಲ್ಲಿ ಕಗ್ಗತ್ತಲು. ಕಿವಿಯ ಮೇಲ್ಭಾಗದ ಹರವಿನಲ್ಲಿ ಮೂಳೆಯ ಮೂಲಕ ಬೆಳಕು ಮಂದವಾಗಿ ತೂರಿ ಬರುತ್ತದೆ. ತಲೆಬುರುಡೆಯ ದಪ್ಪ ಸಾಮಾನ್ಯವಾಗಿ 6–7 ಮಿಲಿಮೀಟರ್ ಇದ್ದರೆ ಇಲ್ಲಿ ಕೆಲವು ಕಡೆ 2 ಮಿಲಿಮೀಟರ್ ಕೂಡ ಇರುವುದಿಲ್ಲ. ಅದೇ ಜಾಗದ ಒಳಮೈಯನ್ನು ನೋಡಿದರೆ ಕವಲೊಡೆಯುತ್ತ ಮೇಲೇರುವ ಒಂದು ಗೀರು ಕಾಣುತ್ತದೆ. ಉಗುರನ್ನು ಅದರೊಳಗೆ ಎಳೆಯಬಹುದು, ಅಷ್ಟು ಆಳ. ಅದು ಮಿಡ್ಲ್ ಮೆನಿಂಜಿಯಲ್ ಎಂಬ ರಕ್ತನಾಳ ಮೂಳೆಗೆ ಒತ್ತಿಕೊಂಡು ಸಾಗಿದ ದಾರಿ. ಮಿದುಳಿನ ಹೊರಗಿನ ಗಟ್ಟಿ ಪೊರೆಗೂ ಮೂಳೆಗೂ ನಡುವೆ ಹರಿಯುವ ನಾಳ ಅದು. ಮೂಳೆ ತೆಳು, ಅದಕ್ಕೆ ಅಂಟಿಕೊಂಡೇ ಅಪಧಮನಿ. ಈ ಜೋಡಿಯೇ ಅಪಾಯ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದರ ಅಂಚು ನಾಳವನ್ನು ಹರಿಯಬಲ್ಲದು.

ಹರಿದ ನಾಳದಿಂದ ಹೊರಟ ರಕ್ತ ಹೊರಗೆ ಬರಲಾರದು. ಅದು ಪೊರೆಯನ್ನು ಮೂಳೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಶೇಖರವಾಗುತ್ತದೆ. ಶುರುವಿನಲ್ಲಿ ಮಿದುಳು ಆ ಒತ್ತಡವನ್ನು ಸಹಿಸಿಕೊಳ್ಳುತ್ತದೆ. ಮುದ್ದೆ ಉಂಡು ಮಾತನಾಡುತ್ತಿದ್ದ ಹೊತ್ತು ಅದೇ. ಜಾಗ ತೀರಿದ ಮೇಲೆ ಒತ್ತಡ ಏಕಾಏಕಿ ಏರುತ್ತದೆ, ತಲೆನೋವು, ವಾಂತಿ, ಮಂಪರು ಒಂದರ ಹಿಂದೆ ಒಂದು ಬರುತ್ತವೆ. ನಡುವಿನ ಆ ಚೆನ್ನಾಗಿದ್ದ ಹೊತ್ತೇ ಜನರನ್ನು ಮೋಸಗೊಳಿಸುವುದು. "ಏನೂ ಆಗಿಲ್ಲ, ಮಲಗಿಕೊಳ್ಳಲಿ ಬಿಡಿ" ಎಂದು ಯಾರೋ ಹಿರಿಯರು ಹೇಳಿ ಬೆಳಗಿನವರೆಗೂ ಬಿಟ್ಟಿದ್ದರೆ ಈ ಪತ್ರ ಬೇರೆಯೇ ಆಗಿರುತ್ತಿತ್ತು. ತಿಪಟೂರಿನಿಂದ ತುಮಕೂರಿಗೆ ಎಪ್ಪತ್ತು ಕಿಲೋಮೀಟರ್ ಆಸುಪಾಸು. ಸಂಜೆಯೇ ಬಿ.ಎಚ್. ರಸ್ತೆ ಹಿಡಿದದ್ದು ನೀವು ಮಾಡಿದ ಅತ್ಯಂತ ಒಳ್ಳೆಯ ಕೆಲಸ.

ನಿಮ್ಮ ತೆಂಗಿನ ಚಿಪ್ಪಿನ ಹೋಲಿಕೆಗೆ ಬರುತ್ತೇನೆ. ಅದು ಅರ್ಧ ಸರಿ. ಕಾಯಿ ಒಡೆಯುವವರಿಗೆ ಚಿಪ್ಪಿನ ಮೇಲಿನ ಮೂರು ಏಣುಗಳು ಗೊತ್ತು, ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ ಎಂಬುದೂ ಗೊತ್ತು. ತಲೆಗೂ ಹಾಗೆಯೇ ಸೇರುಗೆರೆಗಳಿವೆ, ಮೆದು ಜಾಗಗಳಿವೆ. ಆದರೆ ಚಿಪ್ಪು ಒಮ್ಮೆ ಬಲಿತ ಮೇಲೆ ಒಣಗಿದ ವಸ್ತು. ತಲೆಯ ಮೂಳೆ ಜೀವಂತ. ಹೊರಗೊಂದು ಗಟ್ಟಿ ಪದರ, ಒಳಗೊಂದು ಗಟ್ಟಿ ಪದರ, ನಡುವೆ ರಕ್ತ ತುಂಬಿದ ರಂಧ್ರಮಯ ಮಜ್ಜೆ. ಪೆಟ್ಟು ಬಿದ್ದಾಗ ಹೊರಪದರ ಬಾಗಿ ಮತ್ತೆ ನೆಟ್ಟಗಾಗಿ, ಒಳಪದರ ಮಾತ್ರ ಒಡೆದಿರುವುದೂ ಉಂಟು. ಹೊರಗಿನ ಗಾಯ ನೋಡಿ ಒಳಗಿನ ಹಾನಿಯನ್ನು ಅಳೆಯಬೇಡಿ ಎನ್ನುವುದು ಇದಕ್ಕೇ.

ಸೇರುಗೆರೆಗಳ ಬಗ್ಗೆ ನಿಮ್ಮ ಕಡೆ ಒಂದು ನಂಬಿಕೆ ಇದ್ದೇ ಇರುತ್ತದೆ. ಸ್ಮಶಾನದಲ್ಲಿ ಬುರುಡೆ ನೋಡಿದವರು ಅದರ ಮೇಲಿನ ಅಂಕುಡೊಂಕು ಗೆರೆಗಳನ್ನು ಬ್ರಹ್ಮ ಬರೆದ ಹಣೆಬರಹ ಎನ್ನುತ್ತಾರೆ. ಒಪ್ಪಿಕೊಳ್ಳಲು ನನಗೇನೂ ತಕರಾರಿಲ್ಲ, ಒಂದೇ ತೊಡಕು: ಹೆಚ್ಚಿನವರ ಹಣೆಯಲ್ಲಿ ಆ ಗೆರೆಯೇ ಇರುವುದಿಲ್ಲ. ಹುಟ್ಟುವಾಗ ಹಣೆಯ ಮೂಳೆ ಎರಡು ಹೋಳಾಗಿರುತ್ತದೆ, ನಡುವಿನ ಗೆರೆ ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಕೂಡಿಕೊಂಡು ಮಾಯವಾಗುತ್ತದೆ. ಕೆಲವರಲ್ಲಿ ಮಾತ್ರ ಜೀವನಪೂರ್ತಿ ಉಳಿಯುತ್ತದೆ, ಅದರಿಂದ ತೊಂದರೆಯೇನಿಲ್ಲ. ಉಳಿದವರ ಬರಹವೆಲ್ಲ ಹಣೆಯ ಹಿಂದೆಯೇ. ಹಣೆಯ ಮೂಳೆಗೂ ಪಕ್ಕದ ಮೂಳೆಗಳಿಗೂ ನಡುವೆ ಕಿವಿಯಿಂದ ಕಿವಿಗೆ ಅಡ್ಡಗೆರೆ. ಎರಡು ಪಕ್ಕದ ಮೂಳೆಗಳ ನಡುವೆ ನೆತ್ತಿಯ ಉದ್ದಕ್ಕೂ ಇನ್ನೊಂದು ಗೆರೆ. ಹಿಂದಲೆಯ ಮೂಳೆಯನ್ನು ಸೇರುವ ಕಡೆ ಮೂರನೆಯದು. ಮುಂದಿನ ಎರಡು ಗೆರೆಗಳು ಕೂಡುವ ಬಿಂದು ಬ್ರೆಗ್ಮಾ, ಹಿಂದಿನ ಎರಡು ಕೂಡುವ ಬಿಂದು ಲ್ಯಾಂಬ್ಡಾ. ಹಿಂದಿನ ಗೆರೆಯ ಹಾದಿಯಲ್ಲಿ ಕೆಲವೊಮ್ಮೆ ಪುಟ್ಟ ಹೆಚ್ಚುವರಿ ಮೂಳೆಗಳು ಸಿಕ್ಕಿಕೊಂಡಿರುತ್ತವೆ. ಅಂಥ ಬುರುಡೆ ಎದುರಾದಾಗ 22ರ ಲೆಕ್ಕವೂ ಕೈಕೊಡುತ್ತದೆ.

ಮಗುವಿನ ನೆತ್ತಿ ಇರುವುದು ಈ ಬ್ರೆಗ್ಮಾದ ಜಾಗದಲ್ಲೇ. ಮೂಳೆಗಳ ಮೂಲೆಗಳು ಇನ್ನೂ ಬೆಳೆದು ಮುಟ್ಟಿಲ್ಲದ ಕಾರಣ ಅಲ್ಲಿ ವಜ್ರಾಕಾರದ ಒಂದು ಕಿಂಡಿ ಉಳಿದಿರುತ್ತದೆ, ಅದನ್ನು ಗಟ್ಟಿ ಪೊರೆ ಮುಚ್ಚಿರುತ್ತದೆ. ಹಿಂದೆ ಲ್ಯಾಂಬ್ಡಾದ ಕಡೆ ಇನ್ನೊಂದು ಚಿಕ್ಕ ತ್ರಿಕೋನದ ಕಿಂಡಿ ಇತ್ತು. ನಿಮ್ಮ ಮಗುವಿಗೆ ಮೂರು ತಿಂಗಳು ಎಂದಿರಿ, ಆದ್ದರಿಂದ ಅದು ಈಗಾಗಲೇ ಮುಚ್ಚಿಹೋಗಿರಬೇಕು. ಪಕ್ಕಗಳಲ್ಲೂ ಎರಡೆರಡು ಇರುತ್ತವೆ, ಅವು ಕೈಗೆ ಅಷ್ಟಾಗಿ ಸಿಗುವುದಿಲ್ಲ. ಮುಂದಿನದು ಮುಚ್ಚಲು ಸಾಮಾನ್ಯವಾಗಿ ಒಂದೂವರೆ ವರ್ಷ ಬೇಕು, ಕೆಲವು ಮಕ್ಕಳಲ್ಲಿ ಬೇಗ, ಕೆಲವರಲ್ಲಿ ಎರಡು ವರ್ಷದ ಹತ್ತಿರ. ಹೆರಿಗೆಯ ಹೊತ್ತಿನಲ್ಲಿ ಮೂಳೆಗಳು ಒಂದರ ಮೇಲೊಂದು ಸರಿದು ತಲೆ ಕಿರಿದಾಗಿ ಹೊರಬರಲು ಈ ಸಡಿಲವೇ ದಾರಿ. ಹುಟ್ಟಿದ ಮೇಲೆ ಮಿದುಳು ಬೆಳೆಯಲು ಜಾಗ ಕೊಡುವುದೂ ಇದೇ. ಹುಟ್ಟುವಾಗ 34–35 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ಒಂದು ವರ್ಷಕ್ಕೆ ಸುಮಾರು 46 ಆಗುತ್ತದೆ.

ನೆತ್ತಿ ಮಿಡಿಯುವುದು ಹೃದಯದ ಬಡಿತ ಮಿದುಳಿನ ರಕ್ತನಾಳಗಳ ಮೂಲಕ ಮೇಲೆ ಕಾಣಿಸುವುದು ಅಷ್ಟೇ. ಭಯ ಬೇಡ. ಭಯಪಡಬೇಕಾದ್ದು ಎರಡು ಸಂದರ್ಭದಲ್ಲಿ. ಭೇದಿಯೋ ವಾಂತಿಯೋ ಆಗುತ್ತಿರುವ ಮಗುವಿನ ನೆತ್ತಿ ಗುಳಿ ಬಿದ್ದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಅಂಥ ಹೊತ್ತಿನಲ್ಲಿ ನೆತ್ತಿಗೆ ಎಣ್ಣೆ ತುಂಬಿ ಮೇಲೆತ್ತಲು ನೋಡುವವರಿದ್ದಾರೆ. ನೆತ್ತಿ ಮೇಲೇಳುವುದು ಎದೆಹಾಲು ಮತ್ತು ಓಆರ್‌ಎಸ್‌ನಿಂದ, ಎಣ್ಣೆಯಿಂದಲ್ಲ. ಇಷ್ಟು ಚಿಕ್ಕ ಮಗುವಾದರೆ ಎದೆಹಾಲು ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡನೆಯದು, ಮಗು ಅಳದೆ ಕೂತಿರುವ ಭಂಗಿಯಲ್ಲಿ ಇರುವಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ, ಜೊತೆಗೆ ಜ್ವರ, ಮಂಕು ಇದ್ದರೆ. ಇದಕ್ಕೆ ಒಂದು ಗಂಟೆಯೂ ಕಾಯಬಾರದು.

ಅತ್ತೆಯವರ ಹರಳೆಣ್ಣೆಯ ವಿಷಯದಲ್ಲಿ ಮನೆಯಲ್ಲಿ ಯುದ್ಧ ಬೇಡ. ಎಣ್ಣೆ ಪೊರೆಯನ್ನು ದಾಟಿ ಮಿದುಳಿಗೆ ಇಳಿಯುವುದಿಲ್ಲ, ಅಂಗೈಯಿಂದ ಹಗುರವಾಗಿ ಸವರಿದರೆ ಹಾನಿಯೂ ಇಲ್ಲ. ಒತ್ತುವುದು ಮಾತ್ರ ಬೇಡ ಎಂದು ಮೆಲ್ಲಗೆ ಹೇಳಿ. ಒತ್ತಿದ್ದರಿಂದ ಕಿಂಡಿ ಬೇಗ ಮುಚ್ಚುವುದಿಲ್ಲ, ತಲೆ ದುಂಡಗೂ ಆಗುವುದಿಲ್ಲ. ಮೂಗಿಗೂ ಕಿವಿಗೂ ಎಣ್ಣೆ ಬಿಡುವ ಅಭ್ಯಾಸವಿದ್ದರೆ ಅದನ್ನು ಖಂಡಿತ ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ, ಇದರ ಬಗ್ಗೆ ನಾನು ರಾಜಿಯಾಗುವುದಿಲ್ಲ. ತಲೆಯ ಅಳತೆಯನ್ನು ಲಸಿಕೆಗೆ ಹೋದಾಗ ತೆಗೆಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ತಲೆ ಒಂದೇ ಪಕ್ಕಕ್ಕೆ ಸೊಟ್ಟಗಾಗುತ್ತ ಹೋದರೆ, ಸೇರುಗೆರೆಯ ಮೇಲೆ ದಿಣ್ಣೆಯಂತೆ ಗಟ್ಟಿಯಾಗಿ ಸಿಕ್ಕರೆ ಮಕ್ಕಳ ವೈದ್ಯರಿಗೆ ತೋರಿಸಿ.

ಇನ್ನು ದೊಡ್ಡವರ ತಲೆಯ ಹಿಂಭಾಗ. ಕತ್ತಿನ ನಡುಗುಳಿಯಿಂದ ಬೆರಳನ್ನು ಮೇಲಕ್ಕೆ ಸರಿಸಿದರೆ ಹಿಂದಲೆಯಲ್ಲಿ ಒಂದು ಗಂಟು ಸಿಗುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ದೊಡ್ಡದು. ಇದೇ ಇನಿಯಾನ್. ಇದನ್ನು ಗಡ್ಡೆ ಎಂದು ಹೆದರಿ ಬರುವವರಿಗೆ ಲೆಕ್ಕವಿಲ್ಲ, ಕ್ಷೌರದಂಗಡಿಯಲ್ಲಿ ಯಾರೋ ಹೇಳಿದರು ಎಂದು ಬರುತ್ತಾರೆ. ಅದು ಕತ್ತಿನ ದಪ್ಪ ಅಸ್ಥಿರಜ್ಜು ಅಂಟುವ ಜಾಗ, ಎರಡೂ ಪಕ್ಕದ ಭುಜದ ಸ್ನಾಯುಗಳೂ ಅಲ್ಲಿಂದಲೇ ಹೊರಡುತ್ತವೆ. ಒಳಗಡೆ ಅದೇ ಮಟ್ಟದಲ್ಲಿ ಮಿದುಳಿನ ದೊಡ್ಡ ಅಭಿಧಮನಿ ಕಾಲುವೆಗಳು ಕೂಡುತ್ತವೆ. ಮೇಲೆ ನೋಟದ ಕೆಲಸ ನೋಡಿಕೊಳ್ಳುವ ದೊಡ್ಡ ಮಿದುಳಿನ ಭಾಗ, ಕೆಳಗೆ ಸಮತೋಲ ಕಾಯುವ ಕಿರುಮಿದುಳು. ಇನ್ನೂ ಕೆಳಗೆ, ಬೆರಳಿಗೆ ಸಿಗದ ಕಡೆ, ಮಿದುಳುಬಳ್ಳಿ ಇಳಿಯುವ ದೊಡ್ಡ ರಂಧ್ರ. ಅದರ ಎರಡು ಪಕ್ಕದ ಗುಬುಟುಗಳು ಕತ್ತಿನ ಮೊದಲ ಮೂಳೆಯ ಮೇಲೆ ಕೂತಿರುತ್ತವೆ. ನೀವು "ಹೌದು" ಎಂದು ತಲೆಯಾಡಿಸುವುದು ಆ ಕೀಲಿನಲ್ಲಿ.

ಕಿವಿಯ ಹಿಂದಿನ ಗುಬುಟು ಮಾಸ್ಟಾಯ್ಡ್. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಕಿವಿ ಸೋರುವುದನ್ನು ಕಾಯಿಲೆಯೆಂದೇ ಎಣಿಸುವುದಿಲ್ಲ. ಹುಟ್ಟಿದ ಮಗುವಿನಲ್ಲಿ ಈ ಗುಬುಟು ಇರುವುದಿಲ್ಲ. ಮಗು ಕತ್ತು ನಿಲ್ಲಿಸಿ ತಲೆ ತಿರುಗಿಸಲು ಕಲಿಯುತ್ತ ಹೋದಂತೆ, ಸ್ನಾಯು ಎಳೆದೆಳೆದು ಅದು ಬೆಳೆಯುತ್ತದೆ. ಒಳಗೆ ಗಾಳಿ ತುಂಬಿದ ಪುಟ್ಟ ಕೋಣೆಗಳು, ಅವು ನಡುಗಿವಿಗೆ ತೆರೆದುಕೊಂಡಿರುತ್ತವೆ. ಸೋರುವ ಕಿವಿಯ ಕೀವು ಆ ಕೋಣೆಗಳಿಗೆ ಹಬ್ಬಿದರೆ ಕಿವಿಯ ಹಿಂದೆ ಕೆಂಪಗೆ ಊದಿ, ಕಿವಿಯೇ ಮುಂದಕ್ಕೆ ತಳ್ಳಿದಂತೆ ನಿಲ್ಲುತ್ತದೆ. ಅಲ್ಲಿಂದ ಮಿದುಳಿನ ಪೊರೆಗೆ ಒಂದು ತೆಳುಮೂಳೆಯಷ್ಟೇ ಅಂತರ. ಕಾಯಿಸಿದ ಎಣ್ಣೆ ಬಿಟ್ಟುಕೊಂಡು ಕೂರುವ ಕಾಲ ಅದಲ್ಲ.

ಮುಖದ ಮೂಳೆಗಳಲ್ಲಿ ಹೇಳಬೇಕಾದ್ದು ಕಡಿಮೆ. ಹುಬ್ಬಿನ ಕೆಳಗಿನ ಅಂಚಿನಲ್ಲಿ ಮೂಗಿನ ಕಡೆಯಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಬೆರಳೊತ್ತಿದರೆ ಒಂದು ಸಣ್ಣ ಕಚ್ಚು ಸಿಗುತ್ತದೆ, ಒತ್ತಿದರೆ ಚುಳ್ಳೆನ್ನುತ್ತದೆ. ಹಣೆಯ ನರ ಹೊರಬರುವುದು ಅಲ್ಲಿಂದ. ಅದರ ನೇರಕ್ಕೆ ಕಣ್ಣಿನ ಕೆಳಗೊಂದು, ಗದ್ದದ ಪಕ್ಕದಲ್ಲೊಂದು ರಂಧ್ರ. ಮೂರೂ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಕೆಳದವಡೆಯ ತುದಿ ಜಾರುವುದು ಗೊತ್ತಾಗುತ್ತದೆ. ಆ 22ರಲ್ಲಿ ಸ್ವತಂತ್ರವಾಗಿ ಚಲಿಸುವ ಮೂಳೆ ಅದೊಂದೇ.

ಮೂಗಿನ ಮೇಲ್ಛಾವಣಿಯನ್ನು ಮಾತ್ರ ಹಾಗೆ ದಾಟಿಹೋಗುವಂತಿಲ್ಲ. ಅಲ್ಲಿ ಎತ್ಮಾಯ್ಡ್ ಮೂಳೆಯ ರಂಧ್ರಗಳುಳ್ಳ ತೆಳು ಫಲಕವಿದೆ. ವಾಸನೆಯ ನರಗಳು ಅದರ ಮೂಲಕ ಮೂಗಿಗೆ ಇಳಿಯುತ್ತವೆ. ಮುಖಕ್ಕೆ ಜೋರಾಗಿ ಪೆಟ್ಟು ಬಿದ್ದು ಆ ಫಲಕ ಒಡೆದರೆ ಮಿದುಳಿನ ಸುತ್ತಲಿನ ನೀರು ಮೂಗಿನಿಂದ ತೊಟ್ಟಿಕ್ಕಬಹುದು. ನೋಡಿದವರು ಶೀತ ಎಂದುಕೊಳ್ಳುತ್ತಾರೆ. ಪೆಟ್ಟಿನ ನಂತರ ಒಂದು ಮೂಗಿನ ಹೊಳ್ಳೆಯಿಂದ ತಿಳಿನೀರು ಸುರಿದರೆ, ಅದೂ ಬಗ್ಗಿದಾಗ ಹೆಚ್ಚಾದರೆ, ಮೂಗು ಸೀಟುವುದಾಗಲಿ ಹತ್ತಿ ತುರುಕುವುದಾಗಲಿ ಮಾಡದೆ ಹೊರಡಿ. ತಲೆಯ ತಳದ ಮೂಳೆ ಒಡೆದಿರುವ ಬೇರೆ ಸುಳಿವುಗಳು: ಎರಡೂ ಕಣ್ಣಿನ ಸುತ್ತ ಕಪ್ಪು ಕಟ್ಟುವುದು, ಕಿವಿಯಿಂದ ರಕ್ತ ಅಥವಾ ನೀರು, ಒಂದೆರಡು ದಿನದ ಮೇಲೆ ಕಿವಿಯ ಹಿಂದೆ ನೀಲಿಗಟ್ಟುವುದು.

ಇವನ್ನು ಬಿಟ್ಟು, ತಲೆಗೆ ಪೆಟ್ಟು ಬಿದ್ದವರನ್ನು ಹಗಲೋ ರಾತ್ರಿಯೋ ನೋಡದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು ನಿಮಗೆ ಅನುಭವದಿಂದಲೇ ಗೊತ್ತು: ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪಿದ್ದು, ಏರುತ್ತ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ತೊದಲು, ಫಿಟ್ಸ್. ಇವುಗಳ ಜೊತೆಗೆ ಇನ್ನೆರಡನ್ನು ಸೇರಿಸಿಕೊಳ್ಳಿ: ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಒಂದು ಪಕ್ಕದ ಕೈಕಾಲಿನ ಶಕ್ತಿ ಕುಂದುವುದು. 108ಕ್ಕೆ ಕರೆ ಮಾಡಿ.

ತೋಟಕ್ಕೆ ಹೋಗುವಾಗ ತಲೆಗೆ ಸುತ್ತುವ ಟವೆಲ್ ಬಿಸಿಲಿಗೆ ಸರಿ, ಗರಿಗೂ ಕಾಯಿಗೂ ಸಾಲದು. ಕಟ್ಟಡ ಕೆಲಸದವರು ಹಾಕುವ ಗಟ್ಟಿ ಟೋಪಿಯನ್ನು ಕಾಯಿ ಕೀಳಿಸುವ ದಿನವಾದರೂ ಕೆಳಗೆ ಆಯುವವರು ಹಾಕಿಕೊಳ್ಳಬೇಕೆಂದು ನಾನು ಹೇಳುತ್ತಲೇ ಇರುತ್ತೇನೆ, ಕೇಳುವವರು ನಗುತ್ತಾರೆ. ಬೈಕಿನವರದೂ ಇದೇ ಕಥೆ. ಪೊಲೀಸರ ಕಣ್ಣಿಗೆಂದು ಹಾಕುವ ಅರ್ಧ ಹೆಲ್ಮೆಟ್ ತಲೆಯ ಗಟ್ಟಿ ಭಾಗವಾದ ಮೇಲ್ಭಾಗವನ್ನು ಮುಚ್ಚಿ, ತೆಳುವಾದ ಪಕ್ಕಗಳನ್ನೂ ಹಿಂದಲೆಯನ್ನೂ ಬಯಲಿಗೆ ಬಿಡುತ್ತದೆ. ಐಎಸ್ 4151 ಎಂದು ಐಎಸ್‌ಐ ಗುರುತಿನ ಜೊತೆ ಬರೆದಿರುವ, ಕಿವಿಯ ಕೆಳಗಿನವರೆಗೂ ಇಳಿಯುವ ಹೆಲ್ಮೆಟ್ ಕೊಳ್ಳಿ. ಗದ್ದದ ಪಟ್ಟಿ ಬಿಗಿಯದಿದ್ದರೆ ಅದೂ ವ್ಯರ್ಥ.

ಕೊನೆಗೆ ಮೈದುನನ ತಲೆಯ ತಗ್ಗುಗಳು. ಹೆಪ್ಪುಗಟ್ಟಿದ ರಕ್ತ ತೆಗೆಯಲು ಮೂಳೆಯಲ್ಲಿ ಮೊದಲು ಸಣ್ಣ ತೂತುಗಳನ್ನು ಕೊರೆದು, ಅವುಗಳ ನಡುವೆ ಕತ್ತರಿಸಿ ಒಂದು ತುಂಡನ್ನು ಎತ್ತುತ್ತಾರೆ. ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಅದೇ ತುಂಡನ್ನು ಪುಟ್ಟ ಪಟ್ಟಿ, ಸ್ಕ್ರೂಗಳಿಂದ ಕೂರಿಸುತ್ತಾರೆ. ನಿಮ್ಮ ಬೆರಳಿಗೆ ಸಿಗುತ್ತಿರುವುದು ಬಹುಶಃ ಆ ಮೂಲೆಯ ತೂತುಗಳು. ತುಂಡಿನ ಅಂಚುಗಳು ನಿಧಾನವಾಗಿ ಬೆಸೆಯುತ್ತವೆ. ಆದರೆ ದೊಡ್ಡವರ ತಲೆಮೂಳೆ ಕೈಕಾಲಿನ ಮೂಳೆಯಷ್ಟು ಚೆನ್ನಾಗಿ ಹೊಸದಾಗಿ ಬೆಳೆಯುವುದಿಲ್ಲ, ತೂತುಗಳು ನಾರಿನಂಥ ಅಂಗಾಂಶದಿಂದ ತುಂಬಿಕೊಂಡು ಚಿಕ್ಕ ತಗ್ಗಾಗಿಯೇ ಉಳಿಯುತ್ತವೆ. ಅವುಗಳ ಮುಂದಿನ, ಕಣ್ಣಿನ ಪಕ್ಕದ ಅಗಲವಾದ ಗುಳಿಯಿದ್ದರೆ ಅದು ಮೂಳೆಯದಲ್ಲ, ಆಗ ಕತ್ತರಿಸಿದ ದವಡೆ ಸ್ನಾಯು ಸೊರಗಿರುವುದು. ಎರಡೂ ನೋಟಕ್ಕೆ ಮಾತ್ರ ತೊಂದರೆ. ಮೂಳೆಯ ತುಂಡನ್ನು ಮರಳಿ ಕೂರಿಸಿದ್ದಾರೆಯೇ ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ, ಒಮ್ಮೆ ಓದಿಸಿ. ಕೂರಿಸಿಲ್ಲವಾದರೆ ಆ ಜಾಗ ಮೆತ್ತಗಿರುತ್ತದೆ, ಆಗ ಮುಂದಿನ ಆಪರೇಷನ್ ಆಗುವವರೆಗೆ ತೋಟದ ಕೆಲಸ, ಬೈಕು ಎರಡೂ ಬೇಡ. ಹೊಲಿಗೆಯ ಜಾಗ ಕೆಂಪಗಾದರೆ, ನೀರು ಜಿನುಗಿದರೆ, ಫಿಟ್ಸ್ ಬಂದರೆ ಆಪರೇಷನ್ ಮಾಡಿದವರಿಗೇ ತೋರಿಸಿ. ಹೋಗುವಾಗ ಹಳೆಯ ಸ್ಕ್ಯಾನ್ ಫಿಲ್ಮ್ ಮರೆಯಬೇಡಿ. ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ಅವರು ಹೇಳದೆ ನಿಲ್ಲಿಸಬೇಡಿ.